ಹೊಳೆಯಾಚೆಯ ಸುದ್ದಿ: ಕಾರವಾರ–ಅಂಕೋಲೆಯ ಪತ್ರಕರ್ತರ ನಿತ್ಯದ ದುಡಿಮೆ

ಉತ್ತರ ಕನ್ನಡದ ಜಿಲ್ಲಾ ಕೇಂದ್ರವಾದ ಕಾರವಾರಕ್ಕೂ ಅದರ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ ಅಂಕೋಲೆಗೂ ನಡುವೆ, ಸುದ್ದಿಯ ಮಟ್ಟಿಗೆ ಹೇಳುವುದಾದರೆ, ಬಹಳ ಕಾಲದಿಂದ ನಡೆದುಬಂದ ಒಂದು ಕೆಲಸದ ಹಂಚಿಕೆಯಿದೆ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ, ಬಂದರು, ನೌಕಾನೆಲೆಗಳಿರುವ ಕಾರವಾರದಲ್ಲಿ ಸುದ್ದಿಯು ಸಭೆ, ಆದೇಶ, ಪತ್ರಿಕಾ ಪ್ರಕಟಣೆಗಳ ರೂಪದಲ್ಲಿ ಹೊರಬೀಳುತ್ತದೆ; ಆ ಆದೇಶಕ್ಕೆ ಕಾರಣವಾದ ಅಥವಾ ಅದರ ಬಿಸಿ ತಾಗುವ ಬದುಕು ಮಾತ್ರ ಬಹಳ ಸಲ ಅಂಕೋಲೆಯ ಗುಡ್ಡದ ಬುಡದಲ್ಲೋ, ಗಂಗಾವಳಿಯ ದಡದಲ್ಲೋ, ಬೇಲೇಕೇರಿ, ಕೇಣಿಗಳ ಮೀನುಗಾರರ ಕೇರಿಗಳಲ್ಲೋ ಇರುತ್ತದೆ. ಈ ಎರಡರ ನಡುವೆ ದಿನವೂ ಓಡಾಡುತ್ತ, ಕಚೇರಿಯಲ್ಲಿ ಕೇಳಿದ ಮಾತನ್ನು ನೆಲದ ಮೇಲೆ ಇಟ್ಟು ನೋಡುವುದೇ ಇಲ್ಲಿನ ಪತ್ರಕರ್ತರ ನಿತ್ಯದ ಕೆಲಸ. ರಾಜಕೀಯ, ಆಟೋಟ, ಟಿ.ವಿ., ಮಳೆ, ಮೀನು ಎಲ್ಲವೂ ಅದರೊಳಗೆ ಬರುತ್ತವೆ. ಘಟನೆ ನಡೆದ ದಿನ ಬರೆಯುವವರು ನೂರು ಮಂದಿ ಇರುತ್ತಾರೆ. ಘಟನೆ ಹಳತಾದ ಮೇಲೂ ಅದರ ಜಾಡು ಬಿಡದೆ ಬರೆಯುವ ವರದಿ, ಅಂದರೆ ಪತ್ರಿಕಾ ಕಚೇರಿಗಳಲ್ಲಿ ‘ಫಾಲೋಅಪ್’ ಎಂದು ಕರೆಯುವ ಮುಂದುವರಿಕೆಯ ವರದಿಯೇ ಈ ಎರಡು ತಾಲ್ಲೂಕುಗಳ ಪತ್ರಿಕಾವೃತ್ತಿಯ ನಿಜವಾದ ದುಡಿಮೆ. ಅದಕ್ಕೇ ಇಂದು ಎಲ್ಲಕ್ಕಿಂತ ಕಡಿಮೆ ಜಾಗ, ಕಡಿಮೆ ಹಣ, ಕಡಿಮೆ ಮನ್ನಣೆ ಸಿಗುತ್ತಿದೆ.

ಕಾರವಾರವು ಯಾವ ಊರಿನ ಪತ್ರಿಕೆಯನ್ನು ಓದುತ್ತದೆ ಎಂಬ ಪ್ರಶ್ನೆಗೆ ಅದರ ಆಡಳಿತದ ಚರಿತ್ರೆಯಲ್ಲಿ ಉತ್ತರವಿದೆ. 1862ರಲ್ಲಿ ಕೆನರಾದ ಉತ್ತರ ಭಾಗವು ಮದ್ರಾಸಿನ ಆಡಳಿತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದಂದಿನಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಈ ಜಿಲ್ಲೆಯ ಮೊಕದ್ದಮೆ, ನೌಕರಿ, ಉನ್ನತ ಶಿಕ್ಷಣಗಳೆಲ್ಲ ಮುಂಬಯಿಯ ದಾರಿ ಹಿಡಿದಿದ್ದವು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಓದಿಗೆ ಮರಾಠಿ ಎಂಬ ವ್ಯವಸ್ಥೆ ಕಾಳಿ ನದಿಯ ಆಚೆಗಿನ ಸದಾಶಿವಗಡ, ಮಾಜಾಳಿಯಂಥ ಊರುಗಳ ಹಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಬೆಂಗಳೂರು 500 ಕಿಲೋಮೀಟರಿಗೂ ದೂರದಲ್ಲಿದ್ದರೆ ಪಣಜಿ ಸುಮಾರು 100 ಕಿಲೋಮೀಟರ್ ಮಾತ್ರ. ಗೋವಾದ ಕಾರ್ಖಾನೆಗಳಿಗೂ ಹೋಟೆಲುಗಳಿಗೂ ದುಡಿಯಲು ಹೋಗುವ ಮನೆಗಳಿಗೆ ಅಲ್ಲಿನ ಸುದ್ದಿ ನೆರೆಮನೆಯ ಸುದ್ದಿಯೇ ಆಗಿದೆ. ಅಂಕೋಲೆಯ ಮುಖ ಬೇರೆ ಕಡೆಗಿದೆ. ಅಲ್ಲಿಂದ ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರ, ಮುಂದೆ ಹುಬ್ಬಳ್ಳಿ. 1933ರಿಂದ ದಿನಪತ್ರಿಕೆಯಾಗಿ ಬರುತ್ತಿರುವ ‘ಸಂಯುಕ್ತ ಕರ್ನಾಟಕ’ದಂಥ ಹುಬ್ಬಳ್ಳಿಯ ಪತ್ರಿಕೆಗಳು ಘಟ್ಟವಿಳಿದು ಬಂದದ್ದು ಈ ದಾರಿಯಲ್ಲೇ. ದಕ್ಷಿಣದಿಂದ ಮಂಗಳೂರು, ಮಣಿಪಾಲಗಳ ಪತ್ರಿಕೆಗಳೂ ಬಂದು ಸೇರುತ್ತವೆ. ಹಲವು ದಿಕ್ಕಿನಿಂದ ಪತ್ರಿಕೆ ಬರುವ ಈ ಜಾಗದಲ್ಲಿ ಇಲ್ಲಿನದೇ ಎನ್ನುವ ಸುದ್ದಿಗೆ ಮನೆ ಕಟ್ಟುವುದು ಸುಲಭದ ಕೆಲಸವಾಗಿರಲಿಲ್ಲ, ಮತ್ತು ‘ಕರಾವಳಿ ಮುಂಜಾವು’ ಎಂಬ ದಿನಪತ್ರಿಕೆ ಕಾರವಾರದಿಂದಲೇ ಹೊರಟು ನೆಲೆ ನಿಂತದ್ದು ಈ ಕಾರಣಕ್ಕೇ ಗಮನಿಸಬೇಕಾದ ಸಂಗತಿಯಾಗಿದೆ.

ಮುಂಬಯಿಯ ನಂಟು ಇನ್ನೊಂದು ಅಪರೂಪಕ್ಕೂ ಕಾರಣವಾಯಿತು. ಸ್ವಾತಂತ್ರ್ಯದ ಬಳಿಕ ಕೆನರಾ ಲೋಕಸಭಾ ಕ್ಷೇತ್ರವು ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಪತ್ರಕರ್ತರನ್ನು ದಿಲ್ಲಿಗೆ ಕಳಿಸಿತು. 1943ರಲ್ಲಿ ಮುಂಬಯಿಯಲ್ಲಿ ‘ಫೋರಂ’ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಆರಂಭಿಸಿದ್ದ ಜೋಕಿಂ ಆಳ್ವರು 1952, 1957 ಮತ್ತು 1962ರ ಚುನಾವಣೆಗಳಲ್ಲಿ ಇಲ್ಲಿಂದ ಗೆದ್ದರು. ಅವರ ಪತ್ನಿ ವಯೊಲೆಟ್ ಆಳ್ವರು ರಾಜ್ಯಸಭೆಗೆ ಹೋಗಿ ಮುಂದೆ ಅದರ ಉಪಸಭಾಪತಿಯಾದರು. 1967ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದವರು ಅಂಕೋಲೆ ತಾಲ್ಲೂಕಿನ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿ. ಗೇಣಿ ರೈತರನ್ನು ಸಂಘಟಿಸಿದ್ದಕ್ಕಾಗಿ 1940ರಿಂದ ಐದು ವರ್ಷ ಜಿಲ್ಲೆಯಿಂದಲೇ ಗಡೀಪಾರಾಗಿದ್ದ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದರು. ‘ಜನಸೇವಕ’ ಎಂಬ ವಾರಪತ್ರಿಕೆಯನ್ನು ನಡೆಸಿದರು. ಟ್ರಸ್ಟಿನ ಶಾಲೆಗಳ ಬಗ್ಗೆ ಬರೆಯುವವರು ಬಹಳ ಮಂದಿಯಿದ್ದಾರೆ. ಆ ವಾರಪತ್ರಿಕೆಯನ್ನು ಶಾಲೆಗಳಷ್ಟೇ ಮುಖ್ಯವಾದ ಸಂಸ್ಥೆಯೆಂದು ಎಣಿಸಿದವರು ಕಡಿಮೆ.

ದೇಸಾಯಿಯವರು ಸುದ್ದಿಯ ಮೇಲಿನ ತಮ್ಮ ಟಿಪ್ಪಣಿಗೆ ಆರಿಸಿಕೊಂಡ ರೂಪ ಚೌಪದಿ, ಅಂದರೆ ಪ್ರಾಸಬದ್ಧವಾದ ನಾಲ್ಕು ಸಾಲಿನ ಪದ್ಯ. ಜನ ಅದನ್ನು ಚುಟುಕ ಎಂದು ಕರೆದರು. ಮೊದಲ ಸಾಲುಗಳಲ್ಲಿ ಒಂದು ಸಂಗತಿಯನ್ನು ಸರಳವಾಗಿ ಹೇಳಿ, ಕೊನೆಯ ಸಾಲಿನಲ್ಲಿ ಅದರ ಇನ್ನೊಂದು ಮಗ್ಗುಲನ್ನು ಥಟ್ಟನೆ ತೋರಿಸುವುದು ಅದರ ರಚನೆ. ಮಂತ್ರಿಯ ಭಾಷಣ, ಅಕ್ಕಿಯ ಬೆಲೆ, ಚುನಾವಣೆಯ ಆಶ್ವಾಸನೆ, ಊರಿನ ಸೇತುವೆ ಇವೆಲ್ಲ ಆ ನಾಲ್ಕು ಸಾಲಿನಲ್ಲಿ ಹಿಡಿಸುತ್ತವೆ. ಕನ್ನಡ ಸಾಹಿತ್ಯದ ಚರಿತ್ರೆಕಾರರು ಚುಟುಕವನ್ನು ಕಾವ್ಯದ ಒಂದು ಕಿರುಪ್ರಕಾರವಾಗಿ ನೋಡುತ್ತ ಬಂದಿದ್ದಾರೆ, ಅದು ತಪ್ಪಲ್ಲ. ಆದರೆ ಅಕ್ಷರ ಬಲ್ಲವರು ಕೆಲವರೇ ಇದ್ದ ಕೇರಿಗಳಲ್ಲಿ ಒಬ್ಬ ಓದಿ ಹೇಳಿದ್ದನ್ನು ಹತ್ತು ಮಂದಿ ಬಾಯಿಪಾಠ ಮಾಡಿಕೊಂಡು ಮನೆಗೆ ಒಯ್ಯಬಹುದಾದ ಬರಹ ಇದೊಂದೇ ಆಗಿತ್ತೆಂಬುದನ್ನು ನೆನೆದರೆ, ಚುಟುಕವನ್ನು ಈ ಕರಾವಳಿಯ ಮೊದಲ ಜನಪ್ರಿಯ ರಾಜಕೀಯ ಅಂಕಣವೆಂದು ಕರೆಯುವುದೇ ಹೆಚ್ಚು ಸರಿ. ಸಂಪಾದಕೀಯವನ್ನು ಓದಬೇಕು, ಚುಟುಕವನ್ನು ಕೇಳಿದರೆ ಸಾಕು. ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಲೇ ಜಗತ್ತಿನ ರಾಜಕೀಯ, ವಿಜ್ಞಾನ, ಸಾಹಿತ್ಯಗಳ ಬಗ್ಗೆ ಅಂಕಣ ಬರೆದ ಗೋಕರ್ಣದ ಗೌರೀಶ ಕಾಯ್ಕಿಣಿಯವರು ಇದೇ ಪರಂಪರೆಯ ಇನ್ನೊಂದು ಕವಲು. ಕಾಳಿ ನದಿಯ ಆಚೆಗೂ ಇಂಥದೇ ಉದಾಹರಣೆ ಸಿಗುತ್ತದೆ: ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು ತೀರ್ಮಾನಿಸಲು 1967ರ ಜನವರಿ 16ರಂದು ನಡೆದ ಜನಮತ ಗಣನೆಗೆ ಮುನ್ನ ‘ರಾಷ್ಟ್ರಮತ’ ಪತ್ರಿಕೆಯಲ್ಲಿ ಉದಯ ಭೆಂಬ್ರೆಯವರು ಬರೆದ ‘ಬ್ರಹ್ಮಾಸ್ತ್ರ’ ಅಂಕಣ ವಿಲೀನ ವಿರೋಧಿ ಅಭಿಪ್ರಾಯವನ್ನು ಗಟ್ಟಿ ಮಾಡಿತು. ಊರಿನವರೇ ಊರಿನವರಿಗಾಗಿ ದಿನವೂ ಬರೆದ ಮಾತಿಗೆ ಗಡಿಯನ್ನೇ ನಿರ್ಧರಿಸುವ ಶಕ್ತಿಯಿತ್ತು.

ಇಂದು ಆ ಕೆಲಸದ ಭಾರ ಹೊತ್ತಿರುವವರು ಬಹುಪಾಲು ಬಿಡಿ ಸುದ್ದಿಗಾರರು. ಪತ್ರಿಕೆಯ ಅಥವಾ ವಾಹಿನಿಯ ನೌಕರರಾಗಿರದೆ, ಕಳಿಸಿದ ಸುದ್ದಿಗೆ ತಕ್ಕಂತೆ ಸಣ್ಣ ಗೌರವಧನ ಪಡೆಯುವ ತಾಲ್ಲೂಕು ಮಟ್ಟದ ವರದಿಗಾರರಿಗೆ ಈ ಹೆಸರು. ಇವರಲ್ಲಿ ಒಬ್ಬರು ಶಾಲೆಯ ಮಾಸ್ತರರಾಗಿದ್ದರೆ ಇನ್ನೊಬ್ಬರು ಝೆರಾಕ್ಸ್ ಅಂಗಡಿ ನಡೆಸುತ್ತಿರುತ್ತಾರೆ, ಮತ್ತೊಬ್ಬರು ಅದೇ ಪತ್ರಿಕೆಯ ಏಜೆಂಟರಾಗಿ ಬೆಳಗಿನ ಜಾವ ಬಂಡಲ್ ಬಿಚ್ಚಿ ಹುಡುಗರಿಗೆ ಹಂಚಿದ ಮೇಲೆ ಸುದ್ದಿಗೆ ಹೊರಡುತ್ತಾರೆ. ಫ್ಯಾಕ್ಸ್ ಯಂತ್ರ ಬರುವ ಮೊದಲು ಬರಹವನ್ನು ಸೇರಿಸಿದ ಲಕೋಟೆಯನ್ನು ಹುಬ್ಬಳ್ಳಿ ಬಸ್ಸಿನ ಚಾಲಕ, ನಿರ್ವಾಹಕರ ಕೈಗೆ ಕೊಡುವ ರೂಢಿಯಿತ್ತು. ಬಸ್ಸು ಘಟ್ಟ ಹತ್ತಿ ನಿಲ್ದಾಣ ಸೇರಿದಾಗ ಪತ್ರಿಕೆಯ ಹುಡುಗ ಬಂದು ಅದನ್ನು ಬಿಡಿಸಿಕೊಂಡು ಹೋಗುತ್ತಿದ್ದ. ಮಳೆಗಾಲದಲ್ಲಿ ಅರಬೈಲಿನಲ್ಲಿ ಮರ ಬಿದ್ದರೆ ಆ ಮರ ಬಿದ್ದ ಸುದ್ದಿಯೇ ಒಂದು ದಿನ ತಡವಾಗುತ್ತಿತ್ತು. ಈಗ ಅದೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಕ್ಷಣದಲ್ಲಿ ಮುಗಿಯುತ್ತದೆ. ವಾರ್ತಾ ಇಲಾಖೆಯ ಪ್ರಕಟಣೆ, ಪೊಲೀಸ್ ಠಾಣೆಯ ಮಾಹಿತಿ, ಅಪಘಾತದ ವಿಡಿಯೊ ಎಲ್ಲ ಒಂದೇ ಪರದೆಯ ಮೇಲೆ ಬಂದು ಬೀಳುತ್ತವೆ. ವೇಗ ಹೆಚ್ಚಿತು, ಸಂಬಳ ಹೆಚ್ಚಲಿಲ್ಲ. ಪತ್ರಕರ್ತರ ಸೇವಾ ಷರತ್ತುಗಳಿಗಾಗಿ 1955ರಲ್ಲಿ ಬಂದ ಕಾಯ್ದೆಯು ಪತ್ರಿಕಾವೃತ್ತಿಯನ್ನೇ ಮುಖ್ಯ ಜೀವನೋಪಾಯವಾಗಿ ಮಾಡಿಕೊಂಡವರನ್ನು ಪತ್ರಕರ್ತರೆಂದು ಗುರುತಿಸಿದ್ದರಿಂದ, ಅಂಗಡಿಯಿಂದ ಹೊಟ್ಟೆ ಹೊರೆದುಕೊಂಡು ಸುದ್ದಿಯಿಂದ ಊರಿಗೆ ನೆರವಾಗುವ ಬಿಡಿ ಸುದ್ದಿಗಾರ ಸಾಮಾನ್ಯವಾಗಿ ಆ ರಕ್ಷಣೆಯ ಹೊರಗೇ ಉಳಿದ. ಪ್ರವಾಹದ ನೀರಿಗಿಳಿದು ಚಿತ್ರ ತೆಗೆಯುವವರಿಗೆ ವಿಮೆಯೂ ಇಲ್ಲದಿರುವುದು ಸಹಿಸಿಕೊಳ್ಳಬೇಕಾದ ಸಂಗತಿಯಲ್ಲ.

ಇದರ ಜೊತೆಗೆ ಜಿಲ್ಲಾ ಪುಟ ಬಂತು. ಮುದ್ರಣ ಘಟಕಗಳು ಊರೂರಿಗೆ ಹರಡಿದ ಮೇಲೆ ಕನ್ನಡದ ದೊಡ್ಡ ಪತ್ರಿಕೆಗಳು ಪ್ರತಿ ಜಿಲ್ಲೆಯ ಪ್ರತಿಯಲ್ಲೂ ಆ ಜಿಲ್ಲೆಗೆ ಮಾತ್ರ ಮೀಸಲಾದ ಪುಟಗಳನ್ನು ಕೊಡತೊಡಗಿದವು. ಹೀಗೆ ಅಂಕೋಲೆಯ ಯಕ್ಷಗಾನಕ್ಕೂ, ಹಾರವಾಡದ ಕಡಲ್ಕೊರೆತಕ್ಕೂ, ಪುರಸಭೆಯ ಜಗಳಕ್ಕೂ ಜಾಗ ಸಿಕ್ಕಿತು. ಆದರೆ ಆ ಪುಟ ಬೆಂಗಳೂರಿನ ಓದುಗನಿಗೆ ಕಾಣುವುದಿಲ್ಲ, ವಿಧಾನಸೌಧದ ಮೇಜಿಗೂ ತಾನಾಗಿ ತಲುಪುವುದಿಲ್ಲ. ಕಾರವಾರದ ದುಃಖವನ್ನು ಕಾರವಾರದವರೇ ಓದಿ ಮಡಚಿಡುವ ವ್ಯವಸ್ಥೆ ಇದರಿಂದ ಹುಟ್ಟಿಕೊಂಡಿತು.

ಜಿಲ್ಲಾ ಪುಟದ ಆ ಗೋಡೆ ಒಡೆದದ್ದು 2024ರ ಜುಲೈ 16ರ ಬೆಳಿಗ್ಗೆ. ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ, ಚತುಷ್ಪಥ ಕಾಮಗಾರಿಗಾಗಿ ಬುಡ ಕಡಿದಿದ್ದ ಗುಡ್ಡವು ದಿನಗಟ್ಟಲೆ ಸುರಿದ ಮಳೆಗೆ ಜಾರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು, ಹೆದ್ದಾರಿಯನ್ನು ದಾಟಿ ಪಕ್ಕದ ಗಂಗಾವಳಿ ನದಿಗಿಳಿಯಿತು. ರಸ್ತೆಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ಚಹಾಕ್ಕೆಂದು ನಿಂತಿದ್ದ ಲಾರಿ ಚಾಲಕರು ಆ ಮಣ್ಣಿನಲ್ಲಿ ಕೊಚ್ಚಿಹೋದರು. ಅಡುಗೆ ಅನಿಲದ ಟ್ಯಾಂಕರೊಂದು ನದಿಗೆ ಬಿದ್ದು ಸಗಡಗೇರಿಯವರೆಗೆ ತೇಲಿಹೋಗಿ, ತಜ್ಞರು ಬಂದು ಅನಿಲವನ್ನು ಖಾಲಿ ಮಾಡುವವರೆಗೂ ಸುತ್ತಲಿನ ಜನ ಒಲೆ ಹಚ್ಚಲು ಹೆದರುವಂತಾಯಿತು. ಒಟ್ಟು 11 ಮಂದಿ ಈ ದುರಂತಕ್ಕೆ ಬಲಿಯಾದರು. ಮೊದಲ ಚಿತ್ರಗಳನ್ನೂ ಮೊದಲ ಸಂಖ್ಯೆಗಳನ್ನೂ ಜಗತ್ತಿಗೆ ಕೊಟ್ಟವರು, ಸುರಿಯುವ ಮಳೆಯಲ್ಲಿ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದ ಅಂಕೋಲೆ, ಕುಮಟೆ, ಕಾರವಾರಗಳ ಸುದ್ದಿಗಾರರು.

ಆಮೇಲೆ ಕ್ಯಾಮೆರಾಗಳ ದಂಡೇ ಬಂತು. ಜೋಯಿಡಾ ಕಡೆಯಿಂದ ಮರದ ದಿಮ್ಮಿ ಹೇರಿಕೊಂಡು ಹೊರಟಿದ್ದ ಲಾರಿಯ ಕೋಳಿಕ್ಕೋಡಿನ ಚಾಲಕನೊಬ್ಬ ಮಣ್ಣಿನಡಿ ಬದುಕಿರಬಹುದೆಂಬ ಆಸೆಯಿಂದ ಅವನ ಮನೆಯವರು ಅಂಗಲಾಚಿದಾಗ ಇಡೀ ಕೇರಳ ಶಿರೂರಿನತ್ತ ತಿರುಗಿತು. ಮಲಯಾಳಂ ಸುದ್ದಿವಾಹಿನಿಗಳು ನೇರ ಪ್ರಸಾರದ ವಾಹನಗಳನ್ನು, ಅಂದರೆ ಉಪಗ್ರಹದ ಮೂಲಕ ದೃಶ್ಯವನ್ನು ಸ್ಥಳದಿಂದಲೇ ಕಳಿಸುವ ಸಲಕರಣೆಯ ಗಾಡಿಗಳನ್ನು ತಂದು ಹೆದ್ದಾರಿಯ ಬದಿಯಲ್ಲಿ ಬೀಡುಬಿಟ್ಟವು. ಸೇನೆ, ನೌಕಾಪಡೆ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಡ್ರೋನ್ ಮೂಲಕ ಮಣ್ಣಿನಡಿ ಲೋಹ ಹುಡುಕುವ ತಂಡ, ಮಲ್ಪೆಯ ಈಶ್ವರ್ ಮಲ್ಪೆಯವರಂಥ ಮುಳುಗುಗಾರರು ಒಬ್ಬರ ಹಿಂದೆ ಒಬ್ಬರು ಬಂದರು. ನಿರಂತರ ನೇರ ಪ್ರಸಾರ ಇಲ್ಲದಿದ್ದರೆ ಈ ಪ್ರಮಾಣದ ಶೋಧ ನಡೆಯುತ್ತಿತ್ತೇ ಎಂಬುದು ಅನುಮಾನ, ಇದನ್ನು ಟಿ.ವಿ.ಯ ದೊಡ್ಡ ಉಪಕಾರವೆಂದು ಒಪ್ಪಿಕೊಳ್ಳಲೇಬೇಕು. ಮಗನನ್ನು ಕಾಯುವ ಮನೆಯೊಂದರ ಸಂಕಟವನ್ನು ನೆರೆರಾಜ್ಯದ ಜನ ತಮ್ಮದೆಂದು ಭಾವಿಸಿದ್ದರಲ್ಲಿ ತಪ್ಪು ಹುಡುಕುವುದು ಸಲ್ಲದು.

ಆದರೆ ನದಿಗೆ ಇನ್ನೊಂದು ದಡವಿತ್ತು. ಗುಡ್ಡದ ಮಣ್ಣು ಒಮ್ಮೆಲೇ ಗಂಗಾವಳಿಗೆ ಬಿದ್ದಾಗ ಎದ್ದ ನೀರಿನ ಗೋಡೆ ಎದುರು ದಡದ ಉಳುವರೆ ಎಂಬ ಊರಿಗೆ ನುಗ್ಗಿ ಮನೆಗಳನ್ನು ನೆಲಸಮ ಮಾಡಿತು. ಹಾಲಕ್ಕಿ ಒಕ್ಕಲಿಗ ಸಮುದಾಯದ ಮಹಿಳೆಯೊಬ್ಬರು ಅದರಲ್ಲಿ ತೀರಿಕೊಂಡರು, ಹಲವರು ಗಾಯಗೊಂಡರು. ಹೆದ್ದಾರಿಯ ಕಡೆ ನಿಂತ ಕ್ಯಾಮೆರಾಕ್ಕೆ ಉಳುವರೆ ನದಿಯಾಚೆಯ ಹಸಿರು ಹಿನ್ನೆಲೆಯಾಗಿ ಮಾತ್ರ ಕಾಣುತ್ತಿತ್ತು. ಅಲ್ಲಿಗೆ ಹೋಗಬೇಕೆಂದರೆ ಸುತ್ತಿ ಬರಬೇಕಿತ್ತು. ಸುತ್ತಿ ಹೋದವರು ಹೆಚ್ಚಾಗಿ ಸ್ಥಳೀಯ ಪತ್ರಿಕೆಗಳವರು. ಮನೆ ಕಳೆದುಕೊಂಡವರು ಯಾವ ಶಾಲೆಯಲ್ಲಿದ್ದಾರೆ, ದನಕರುಗಳ ಲೆಕ್ಕ ಯಾರು ಬರೆದುಕೊಂಡರು, ನಾಟಿ ಮಾಡಿದ ಗದ್ದೆಗೆ ಬಿದ್ದ ಕೆಸರನ್ನು ಯಾರು ತೆಗೆಯುತ್ತಾರೆ ಎಂಬ ಪ್ರಶ್ನೆಗಳು ಜಿಲ್ಲಾ ಪುಟಗಳಲ್ಲಿ ಬಂದವು, ನೇರ ಪ್ರಸಾರದಲ್ಲಿ ಬರಲಿಲ್ಲವೆಂದೇ ಹೇಳಬೇಕು. ಒಬ್ಬ ಚಾಲಕನ ಹೆಸರು ಎರಡು ರಾಜ್ಯಗಳ ಮನೆಮಾತಾದಾಗ ಅದೇ ಮಣ್ಣಿನಲ್ಲಿ ಕಾಣೆಯಾದ ಇಲ್ಲಿನವರ ಮನೆಯವರು, ತಮ್ಮವರನ್ನು ಯಾರೂ ಹುಡುಕುತ್ತಿಲ್ಲವೇ ಎಂದು ನೊಂದು ಕೇಳಿದ್ದು ಅಸೂಯೆಯಿಂದಲ್ಲ. ಅದು ನ್ಯಾಯದ ಪ್ರಶ್ನೆಯಾಗಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಅದು ಕೇರಳ–ಕರ್ನಾಟಕದ ಜಗಳವಾಗಿ ತಿರುಚಿಕೊಂಡದ್ದು ಎರಡೂ ಕಡೆಯ ಸಂತ್ರಸ್ತರಿಗೆ ಮಾಡಿದ ಅನ್ಯಾಯ.

ಜುಲೈ 28ರಂದು ಶೋಧ ತಾತ್ಕಾಲಿಕವಾಗಿ ನಿಂತಿತು. ಎರಡೇ ದಿನಗಳಲ್ಲಿ, ಜುಲೈ 30ರ ಬೆಳಗಿನ ಜಾವ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಭೂಕುಸಿತವಾಗಿ ಸುದ್ದಿವಾಹಿನಿಗಳ ಗಮನವೆಲ್ಲ ಅತ್ತ ಸರಿಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಕಾಳಿ ನದಿಗಿದ್ದ ನಾಲ್ಕು ದಶಕ ಹಳೆಯ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿ ನೀರಿಗೆ ಬಿದ್ದು, ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದಾಗ ಕ್ಯಾಮೆರಾಗಳು ಕೆಲವು ದಿನ ಮರಳಿ ಬಂದವು, ಮತ್ತೆ ಹೋದವು. ಈ ಮಧ್ಯೆ ಶಿರೂರಿನ ಕಡತ ಕಾರವಾರದ ಕಚೇರಿಗಳಲ್ಲಿ ಉಳಿಯಿತು: ಗೋವಾದಿಂದ ಹೂಳೆತ್ತುವ ಯಂತ್ರ ತರುವ ಖರ್ಚು ಯಾರದು, ಅದು ಗಂಗಾವಳಿಯ ಸೇತುವೆಗಳಡಿ ನುಸುಳಿ ಬರಲು ನೀರಿನ ಮಟ್ಟ ಎಷ್ಟಿರಬೇಕು, ನದಿಯ ನಡುವೆ ದಿಬ್ಬವಾಗಿ ನಿಂತ ಮಣ್ಣನ್ನು ಎಲ್ಲಿ ಸುರಿಯಬೇಕು. ಓದಲು ಇವು ನೀರಸ ವಿವರಗಳು, ಆದರೂ ಇವುಗಳ ಬೆನ್ನು ಹತ್ತಿದ ವರದಿಗಳಿಂದಲೇ ವಿಷಯ ಜೀವಂತವಾಗಿ ಉಳಿಯಿತು. ಕೊನೆಗೆ ಸೆಪ್ಟೆಂಬರ್ 25ರಂದು ಲಾರಿ, ಅದರ ಕ್ಯಾಬಿನ್ನಿನೊಳಗೆ ಚಾಲಕನ ಶವದೊಂದಿಗೆ, ನದಿಯಿಂದ ಮೇಲೆ ಬಂತು. ಅಂದು ಮತ್ತೆ ಎಲ್ಲ ವಾಹಿನಿಗಳೂ ಅಲ್ಲಿದ್ದವು. ಇನ್ನೂ ಇಬ್ಬರು ಸ್ಥಳೀಯರು ಪತ್ತೆಯಾಗಿರಲಿಲ್ಲ.

ವಾಹಿನಿಗಳ ಈ ಓಡಾಟಕ್ಕೆ ಅವುಗಳ ವರದಿಗಾರರನ್ನು ದೂರುವುದು ಸುಲಭ, ಕಾರಣ ಬೇರೆಡೆಯಿದೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಅಂದಾಜಿಸುವ ಟಿ.ಆರ್.ಪಿ. ಎಂಬ ಅಳತೆಯನ್ನು, ಆಯ್ದ ಮನೆಗಳ ಟಿ.ವಿ.ಗಳಿಗೆ ಮಾಪಕ ಜೋಡಿಸಿ ಲೆಕ್ಕ ಹಾಕಲಾಗುತ್ತದೆ. ಜಾಹೀರಾತಿನ ದರ ಆ ಲೆಕ್ಕವನ್ನು ಅವಲಂಬಿಸಿದೆ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ, ಬೆಂಗಳೂರು ನಗರ ಜಿಲ್ಲೆಯದು ಸುಮಾರು 96 ಲಕ್ಷ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಕಾಡು, ಘಟ್ಟ, ಕಡಲತೀರಗಳಲ್ಲಿ ಹರಡಿದ ಜಿಲ್ಲೆಯ ನೋಟಕ್ಕೆ ಈ ಅಳತೆಯಲ್ಲಿ ತೂಕವೇ ಇರುವುದಿಲ್ಲ. ಹೀಗಾಗಿ ಇಲ್ಲಿನ ಜನ ಸಂಜೆ ಟಿ.ವಿ. ಹಚ್ಚಿದರೆ ಕಾಣುವುದು ಬೆಂಗಳೂರಿನ ಸಂಚಾರ ದಟ್ಟಣೆ ಮತ್ತು ಬೆಂಗಳೂರಿನ ರಾಜಕಾರಣ. ಇಲ್ಲಿನದು ಪರದೆಗೆ ಬರಬೇಕಾದರೆ ಗುಡ್ಡವೋ ಸೇತುವೆಯೋ ಬೀಳಬೇಕು. ಮೀನುಗಾರರಿಗೆ ಗಾಳಿಮಳೆಯ ಮುನ್ಸೂಚನೆ ಕೊಡುವ ಆಕಾಶವಾಣಿಯ ಕಾರವಾರ ಕೇಂದ್ರವು ಈ ವಿಷಯದಲ್ಲಿ ಟಿ.ವಿ.ಗಿಂತ ಇಲ್ಲಿನ ಬದುಕಿಗೆ ಹತ್ತಿರವಾಗಿದೆ.

ಆಟೋಟದ ಸುದ್ದಿಯಲ್ಲಿ ಇದರ ಒಂದು ಹಗುರವಾದ ರೂಪ ಕಾಣುತ್ತದೆ. ಐ.ಪಿ.ಎಲ್. ಆಗಲಿ 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಾಗಲಿ ಮನೆಮನೆಯಲ್ಲಿ ನಡೆಯುತ್ತಿದ್ದರೂ, ಕಾರವಾರದ ಮಾಲಾದೇವಿ ಮೈದಾನದಲ್ಲೋ ಅಂಕೋಲೆಯ ಜೈಹಿಂದ್ ಮೈದಾನದಲ್ಲೋ ಹೊನಲು ಬೆಳಕಿನಲ್ಲಿ ಪಂದ್ಯ ನಡೆದರೆ ಜನ ಟಿ.ವಿ. ಆರಿಸಿ ಹೊರಗೆ ಬರುತ್ತಾರೆ. ಗೆದ್ದ ತಂಡದ ಎಲ್ಲ ಹೆಸರುಗಳನ್ನೂ ಇನಿಷಿಯಲ್ ಸಮೇತ ತಪ್ಪಿಲ್ಲದೆ ಅಚ್ಚು ಹಾಕುವುದು ಸ್ಥಳೀಯ ವರದಿಗಾರರ ಶ್ರದ್ಧೆಯ ಕೆಲಸ. ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡ ಮನೆಗಳು ಬಹಳ. ಈಗ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಗಳನ್ನು ಊರಿನ ಹುಡುಗರೇ ಯೂಟ್ಯೂಬಿನಲ್ಲಿ ವೀಕ್ಷಕ ವಿವರಣೆಯೊಂದಿಗೆ ಬಿತ್ತರಿಸುತ್ತಾರೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಅಲ್ಲಿಂದಲೇ ನೋಡುತ್ತಾರೆ. ಶಿರಸಿ ಕಡೆಯ ಕಾಶಿನಾಥ ನಾಯ್ಕರು 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್ ಎಸೆತದಲ್ಲಿ ಕಂಚು ಗೆದ್ದಾಗ ಜಿಲ್ಲೆಯ ಹೆಸರು ರಾಷ್ಟ್ರೀಯ ಕ್ರೀಡಾಪುಟಕ್ಕೆ ಬಂತು. ಅಂಥವರು ಬೆಳೆದು ಬಂದ ತಾಲ್ಲೂಕು ಮೈದಾನಗಳ ಸ್ಥಿತಿ ಇಂದಿಗೂ ಜಿಲ್ಲಾ ಪುಟದಲ್ಲೇ ಇದೆ.

ರಾಜಕೀಯದ ವರದಿಗಾರಿಕೆಯಲ್ಲಿ ನೆನಪಿನ ಶಕ್ತಿಯೇ ಬಂಡವಾಳ. ಕಾರವಾರ–ಅಂಕೋಲೆಯ ಮತದಾರರು 2008ರಲ್ಲಿ ಕಾಂಗ್ರೆಸ್ಸಿನ ಆನಂದ ಅಸ್ನೋಟಿಕರರನ್ನು, ಅವರು ಪಕ್ಷ ಬದಲಿಸಿದಾಗ ಉಪಚುನಾವಣೆಯಲ್ಲಿ ಮತ್ತೆ ಅವರನ್ನೇ, 2013ರಲ್ಲಿ ಪಕ್ಷೇತರ ಸತೀಶ್ ಸೈಲರನ್ನು, 2018ರಲ್ಲಿ ಬಿಜೆಪಿಯ ರೂಪಾಲಿ ನಾಯ್ಕರನ್ನು, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಸೈಲರನ್ನು ಆರಿಸಿದರು. ಸ್ಟುಡಿಯೊದ ಚರ್ಚೆಗಳಲ್ಲಿ ಇದು ಜಾತಿಯ ಲೆಕ್ಕಾಚಾರವಾಗಿ ಮುಗಿಯುತ್ತದೆ. ನೆಲದ ಮೇಲೆ ಇದಕ್ಕೆ ಸೀಬರ್ಡ್, ಬೇಲೇಕೇರಿ, ಆಸ್ಪತ್ರೆ ಎಂಬ ಹೆಸರುಗಳಿವೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲಿಟ್ಟು 2005ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ 13 ಹಳ್ಳಿಗಳು ನೆಲ ಬಿಟ್ಟುಕೊಟ್ಟವು. ಅವುಗಳ ಪರಿಹಾರದ ಮೊಕದ್ದಮೆಗಳು ಒಂದು ತಲೆಮಾರಿನ ವರದಿಗಾರರನ್ನು ದಾಟಿ ಇನ್ನೊಂದು ತಲೆಮಾರಿಗೆ ಬಂದವು. ಬೇಲೇಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು 2010ರಲ್ಲಿ ಕಾಣೆಯಾದದ್ದು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಆ ವರ್ಷದ ಜೂನಿನಲ್ಲಿ ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡದ್ದು, 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತ ಅವರ ವರದಿ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಅಧಿಕಾರ ಬಿಡಬೇಕಾದದ್ದು ರಾಜ್ಯದ ಸುದ್ದಿಯಾಯಿತು. ಬೇಲೇಕೇರಿ ಅದಿರಿನ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಶಾಸಕ ಸೈಲ್ ಸೇರಿದಂತೆ ಹಲವರನ್ನು ತಪ್ಪಿತಸ್ಥರೆಂದು ಹೇಳಿದ್ದು 2024ರ ಅಕ್ಟೋಬರಿನಲ್ಲಿ, ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದು ನವೆಂಬರಿನಲ್ಲಿ. ಹದಿನಾಲ್ಕು ವರ್ಷಗಳ ಈ ಎಳೆಯನ್ನು ಹಳೆಯ ಟಿಪ್ಪಣಿ ಪುಸ್ತಕ ಇಟ್ಟುಕೊಂಡವರು ಮಾತ್ರ ಓದುಗನಿಗೆ ಜೋಡಿಸಿ ಕೊಡಬಲ್ಲರು.

ಆಸ್ಪತ್ರೆಯ ವಿಷಯದಲ್ಲಿ ಜನರೇ ಸುದ್ದಿಗಾರರಾದರು. ತುರ್ತು ಚಿಕಿತ್ಸೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕಾದ ಜಿಲ್ಲೆಯ ಯುವಕರು 2019ರಲ್ಲಿ ಟ್ವಿಟ್ಟರಿನಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಅಭಿಯಾನ ನಡೆಸಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಇನ್ನೊಂದು ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ, ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಕೂಗು ಎದ್ದಿತು. ಜಿಲ್ಲಾ ಪುಟದ ಗೋಡೆಯನ್ನು ಮೊಬೈಲು ದಾಟಿದ ಒಳ್ಳೆಯ ನಿದರ್ಶನಗಳಿವು.

ಇನ್ನು ಅಂಕೋಲೆಯ ಇಬ್ಬರು ಹಿರಿಯ ಹಾಲಕ್ಕಿ ಮಹಿಳೆಯರ ಸಂಗತಿ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ದಿನಗೂಲಿಯಿಂದ ಆರಂಭಿಸಿ ಬೀಜ, ಸಸಿಗಳ ಅಪಾರ ತಿಳಿವಳಿಕೆ ಗಳಿಸಿದ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ದೇಶವೆಲ್ಲ ನೋಡಿತು. ಅವರಿಗೆ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂದದ್ದು 1986ರಲ್ಲೇ. ಜಿಲ್ಲೆಯ ಪತ್ರಿಕೆಗಳ ಓದುಗರಿಗೆ ಅವರು ಹಳೆಯ ಪರಿಚಯ. ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಲಕ್ಕಿ ಹಾಡುಗಳ ಭಂಡಾರವೆಂದು ಹೊರಗಿನವರು ಹೊಗಳಿದರೆ, ಊರಿನ ವರದಿಗಾರರು ಅವರನ್ನು ಸಾರಾಯಿ ವಿರೋಧಿ ಹೋರಾಟದ ಮುಂಚೂಣಿಯಲ್ಲೂ ಕಂಡಿದ್ದರು. 2024ರ ಡಿಸೆಂಬರ್ 16ರಂದು ತುಳಸಿ ಗೌಡರೂ 2025ರ ಫೆಬ್ರುವರಿ 13ರಂದು ಸುಕ್ರಿಯವರೂ ತೀರಿಕೊಂಡಾಗ ವಾಹಿನಿಗಳು ಪ್ರಶಸ್ತಿಯ ದೃಶ್ಯವನ್ನೇ ಮತ್ತೆಮತ್ತೆ ತೋರಿಸಿದವು. ಅವರ ಪ್ರಶಸ್ತಿಯ ಜೊತೆಗೆ ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ, ಆ ಇಬ್ಬರೂ ದನಿಗೂಡಿಸಿದ್ದ ಬೇಡಿಕೆಯನ್ನೂ ಬರೆದ ಶ್ರದ್ಧಾಂಜಲಿಗಳು ಅವರ ಬದುಕಿಗೆ ಹೆಚ್ಚು ನ್ಯಾಯ ಸಲ್ಲಿಸುತ್ತವೆ.

ಈಗ ಬೆನ್ನು ಹತ್ತಬೇಕಾದ ಹೊಸ ಸುದ್ದಿಗಳು ಅಂಕೋಲೆಯಲ್ಲೇ ಸಾಲಾಗಿ ನಿಂತಿವೆ. ಕೇಣಿಯಲ್ಲಿ ಉದ್ದೇಶಿಸಿರುವ ವಾಣಿಜ್ಯ ಬಂದರನ್ನು ವಿರೋಧಿಸಿ 2025ರಲ್ಲಿ ಮೀನುಗಾರ ಮಹಿಳೆಯರೂ ಗಂಡಸರೂ ಬೀದಿಗಿಳಿದರು, ಕಡಲಿಗೂ ಇಳಿದರು. ದಿನಕರ ದೇಸಾಯಿಯವರು ಹುಟ್ಟಿದ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣಕ್ಕಾಗಿ ಭೂಸ್ವಾಧೀನ ನಡೆದಿದೆ. 1990ರ ದಶಕದಲ್ಲೇ ಮಂಜೂರಾದ, ಸುಮಾರು 164 ಕಿಲೋಮೀಟರ್ ಉದ್ದದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವು ಘಟ್ಟದ ಕಾಡು ಮತ್ತು ಕಾನೂನುಗಳ ನಡುವೆ ಸಿಕ್ಕಿಕೊಂಡಿದೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡಗಳು ಪ್ರತಿ ಜೂನಿನಲ್ಲೂ ಮಳೆಗೆ ಒಡ್ಡಿಕೊಳ್ಳುತ್ತವೆ. ಇವುಗಳಲ್ಲಿ ಒಂದೊಂದಕ್ಕೂ ಸರ್ವೆ ನಂಬರಿನಿಂದ ಹಿಡಿದು ಪರಿಸರ ಅನುಮತಿಯ ಷರತ್ತಿನವರೆಗೆ ಓದಿ, ಗುಡ್ಡ ಹತ್ತಿ, ಹೊಳೆ ದಾಟಿ, ಮತ್ತೆ ಕಾರವಾರದ ಕಚೇರಿಗೆ ಹೋಗಿ ಕೇಳುವ ಕೆಲಸವಿದೆ, ಮತ್ತು ಅದನ್ನು ಝೆರಾಕ್ಸ್ ಅಂಗಡಿಯ ಬಾಗಿಲು ಹಾಕಿದ ಮೇಲಿನ ಎರಡು ತಾಸಿನಲ್ಲಿ ಮಾಡಿ ಮುಗಿಸಲು ಆಗದು. ಕನ್ನಡದ ಪತ್ರಿಕೆಗಳೂ ವಾಹಿನಿಗಳೂ ತಾಲ್ಲೂಕಿಗೆ ಒಬ್ಬ ಪೂರ್ಣಾವಧಿ ವರದಿಗಾರರನ್ನು ನೇಮಿಸಿ, ಸಂಬಳ, ವಿಮೆ, ಓಡಾಟದ ಖರ್ಚು ಕೊಟ್ಟು, ಅವರ ವರದಿಯಲ್ಲಿ ವಾರಕ್ಕೊಂದನ್ನಾದರೂ ಜಿಲ್ಲಾ ಪುಟದಿಂದ ರಾಜ್ಯದ ಪುಟಕ್ಕೆ ತರಬೇಕು. ಉಳುವರೆಯ ಮನೆಗಳ ಪುನರ್ವಸತಿ ಎಲ್ಲಿಗೆ ಬಂತೆಂಬ ವರದಿಯಿಂದಲೇ ಅದನ್ನು ಆರಂಭಿಸಬಹುದು.